ಎರಡು ಕತ್ತರಿಯ ಕಂಬಳಿ, ನಾಲ್ಕು ದಿನದ ಬಜೆಟ್ಟು

ನಮ್ಮ ಮಾವ ಅಂಜಿನಪ್ಪನನ್ನು ನೋಡಿ ಹಾವೇರಿಯ ಒಂದು ಸಭೆಯಲ್ಲಿ ನಕ್ಕರು. ನಕ್ಕವರಲ್ಲಿ ವಕೀಲರಿದ್ದರು, ಬ್ಯಾಡಗಿಯ ಮೆಣಸಿನಕಾಯಿ ದಲಾಲರಿದ್ದರು, ಕೊರಳಿಗೆ ಗುರುತಿನ ಚೀಟಿ ಜೋತುಬಿಟ್ಟುಕೊಂಡ ನಾಲ್ಕೈದು ಮಂದಿ ಸರಕಾರಿ ನೌಕರರಿದ್ದರು. ಮರುದಿನ ಪೇಪರಿನವರೂ ಒಂದು ಮೂಲೆಯಲ್ಲಿ ನಾಲ್ಕು ಸಾಲು ಹಾಕಿ ನಕ್ಕರು. ಮೇಡ್ಲೇರಿಯ ಕಂಬಳಿ ನೇಕಾರರೊಬ್ಬರು ಕೇಂದ್ರ ಸರಕಾರ ಎರಡು ವರ್ಷಕ್ಕೊಮ್ಮೆ ಬಜೆಟ್ ಮಾಡಿದರೆ ಸಾಕೆಂದು ಸಲಹೆ ಕೊಟ್ಟು ಸಭೆಯನ್ನು ನಗೆಗಡಲಲ್ಲಿ ತೇಲಿಸಿದರಂತೆ. ತೇಲಿದವರು ಅಲ್ಲೇ ಮುಳುಗಿದ್ದರೆ ಜಿಲ್ಲೆಗೆ ಒಳ್ಳೆಯದಾಗುತ್ತಿತ್ತು.

ನಾನು ಏಳನೇ ಇಯತ್ತೆ ಕಲಿತವನು, ಅದೂ ಪೂರ್ತಿ ಇಲ್ಲ. ಲಗೇಜ್ ಟೆಂಪೋ ಓಡಿಸುತ್ತೇನೆ. ಬರೆಯುವುದು ನನ್ನ ಕೆಲಸವಲ್ಲ. ಆದರೆ ಆ ಮನುಷ್ಯ ಯಾರು, ಆ ಮಾತು ಅವನ ಬಾಯಿಗೆ ಯಾಕೆ ಬಂತು ಎಂದು ಓದಿದವರಲ್ಲಿ ಒಬ್ಬನಾದರೂ ಕೇಳಬೇಕಿತ್ತು. ಒಬ್ಬನೂ ಕೇಳಲಿಲ್ಲ. ಆದ್ದರಿಂದ ಓದದವನು ಹೇಳಬೇಕಾಗಿದೆ.

ಅಂಜಿನಪ್ಪ ನಮ್ಮಕ್ಕ ಉಚ್ಚಂಗೆವ್ವನ ಗಂಡ. ನಮ್ಮದು ಕುಪ್ಪೇಲೂರು, ಅವನದು ಮೇಡ್ಲೇರಿ. ಮದುವೆಯಾದಾಗ ನಾನು ಚಡ್ಡಿ ಹಾಕುವ ಹುಡುಗ. ಅವತ್ತಿನಿಂದ ಇವತ್ತಿನವರೆಗೂ ಆ ಮನುಷ್ಯನನ್ನು ಸೊಂಟದ ಮೇಲಷ್ಟೇ ನೋಡಿದ್ದೇನೆ ಅಂದರೂ ನಡೆದೀತು. ಕೆಳಗಿನ ಅರ್ಧ ಸದಾ ಮಗ್ಗದ ಕುಣಿಯೊಳಗೆ. ಮನೆಯ ನೆಲದಲ್ಲಿ ತೊಡೆಮಟ್ಟ ತೋಡಿದ ಕುಣಿ, ಅದರಲ್ಲಿ ಕಾಲು ಇಳಿಬಿಟ್ಟು, ಎದುರಿಗೆ ಉದ್ದದ ಎಳೆಗಳ ಹಾಸು ಬಿಗಿದುಕೊಂಡು, ಲಾಳಿ ಆ ಕೈಯಿಂದ ಈ ಕೈಗೆ. ಲಾಳಿ ಓಡುವಾಗ ಮಾತಾಡಿಸಿದರೆ ಉತ್ತರ ಕೊಡುವುದಿಲ್ಲ. ಪಂಚಾಯಿತಿ ಮೆಂಬರು ಬಂದು ಬಾಗಿಲಲ್ಲಿ ಕೆಮ್ಮಿದರೂ ಕೊಡುವುದಿಲ್ಲ. ಒಂದು ಸಾಲು ಮುಗಿಸಿ, ಹಣಿಗೆಯಿಂದ ಎಳೆ ಬಡಿದು, ಆಮೇಲೆ ತಲೆ ಎತ್ತಿ, "ಏನ್ ಅಂದ್ರಿ?" ಅನ್ನುತ್ತಾನೆ. ಮೆಂಬರು ಅಷ್ಟರಲ್ಲಿ ಸಿಟ್ಟಿಗೆದ್ದು ಹೋಗಿರುತ್ತಾನೆ. ಒಳ್ಳೆಯದೇ.

ಅವನು ವರ್ಷ ಎಣಿಸುವುದಿಲ್ಲ, ಕತ್ತರಿ ಎಣಿಸುತ್ತಾನೆ. ಕುರಿಗೆ ವರ್ಷಕ್ಕೆ ಎರಡು ಸಲ ಕತ್ತರಿ ಹಾಕುತ್ತಾರೆ, ಮಳೆಗಾಲದ ಮುಂದೆ ಒಂದು, ಚಳಿಗಾಲದ ಮುಂದೆ ಒಂದು. ವಯಸ್ಸೆಷ್ಟು ಮಾವ ಎಂದರೆ "ನೂರಾ ಮೂವತ್ತೆರಡು ಕತ್ತರಿ ಆತು ನೋಡು" ಅನ್ನುತ್ತಾನೆ. ಅಕ್ಕನನ್ನು ತಂದದ್ದು ನಲವತ್ತೈದನೆಯ ಕತ್ತರಿಗೆ. ರೇಶನ್ ಕಾರ್ಡು ಮಾಡುವವನು ಹುಟ್ಟಿದ ದಿನ ಕೇಳಿದಾಗಲೂ ಇದನ್ನೇ ಹೇಳಿದ. ಆ ಪುಣ್ಯಾತ್ಮ ಜನವರಿ ಒಂದು ಎಂದು ಬರೆದುಕೊಂಡ. ಮೇಡ್ಲೇರಿಯ ಅರ್ಧ ಮಂದಿ ಜನವರಿ ಒಂದಕ್ಕೇ ಹುಟ್ಟಿದ್ದಾರೆ.

ಅವನ ಮನೆಯ ಕಂಬಳಿಗೆ ಒಂದು ಕಟ್ಟುಪಾಡು ಉಂಟು. ಉದ್ದದ ಹಾಸಿನ ಎಳೆಗೆ ಒಂದು ಕತ್ತರಿಯ ಉಣ್ಣೆ, ಅಡ್ಡ ಹಾಯುವ ಹೊಕ್ಕಿಗೆ ಮುಂದಿನ ಕತ್ತರಿಯ ಉಣ್ಣೆ. ಮಳೆ ಮುಂದಿನ ಉಣ್ಣೆ ಬಿರುಸು, ಎಳೆತ ತಡೆಯುತ್ತದೆ. ಚಳಿ ಮುಂದಿನದು ಮೆತ್ತಗೆ, ಮೈಗೆ ಹಿತ. ಎರಡೂ ಕೂಡಿದರೆ ಕಂಬಳಿ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ, ನೀರು ಸುರಿದರೆ ಅರ್ಧ ತಾಸು ಮೇಲೇ ನಿಲ್ಲುತ್ತದೆ. ನಡುವೆ ಹಾಸಿನ ಎಳೆಗೆ ಹುಣಸೆ ಬೀಜದ ಗಂಜಿ ಕುಡಿಸಿ ಬಿಸಿಲಿಗೆ ಎಳೆದು ಕಟ್ಟಬೇಕು. ಅದು ಒಣಗುವಷ್ಟು ಒಣಗಲೇಬೇಕು, ಮಂತ್ರಿ ಬಂದು ಊದಿದರೂ ಲಗೂ ಒಣಗುವುದಿಲ್ಲ. ಒಮ್ಮೆ ರಾಣೆಬೆನ್ನೂರಿನ ಒಬ್ಬ ದೊಡ್ಡ ಮನುಷ್ಯ ಕಾರಿನಲ್ಲಿ ಬಂದು, ಮಗನ ಮದುವೆಗೆ ಗದ್ದಿಗೆ ಹಾಕಲು ಎರಡು ಕತ್ತರಿಯ ಕಂಬಳಿಯೇ ಬೇಕು, ಹದಿನೈದು ದಿನದಲ್ಲಿ ಬೇಕು ಅಂದ.

"ಮದುವಿ ಮುಂದ ಹಾಕ್ರಿ" ಅಂದ ಮಾವ.

"ಏನಂದಿ?"

"ಕುರಿಗೆ ಅವಸರ ಮಾಡಾಕ ಬರೂದಿಲ್ರಿ. ಮದುವಿ ಮುಂದ ಹಾಕಾಕ ಬರ್ತದ."

ಕಾರು ಧೂಳೆಬ್ಬಿಸಿ ಹೋಯಿತು. ಇಂಥ ಮನುಷ್ಯನಿಗೆ ಸರಕಾರದ ಸಹವಾಸ ಯಾಕೆ ಬೇಕಿತ್ತು ಅಂತ ಕೇಳಬಹುದು. ಬೇಕಾಗಿದ್ದು ಅವನಿಗಲ್ಲ. ಅಕ್ಕನಿಗೆ.

ಮಗ್ಗ ಗಂಡಸಿನದು, ಮಗ್ಗಕ್ಕೆ ಬೇಕಾದ ನೂಲು ಹೆಂಗಸಿನದು. ಕುರಿಯ ಮೈಯಿಂದ ಬಿದ್ದ ಉಣ್ಣೆಯಲ್ಲಿ ಮಣ್ಣು, ಮುಳ್ಳು, ಹಿಕ್ಕೆ ಎಲ್ಲ ಇರುತ್ತದೆ. ಅದನ್ನು ಬಿಲ್ಲಿನ ಹುರಿಯಿಂದ ಮಿಡಿದು ಮಿಡಿದು ಹಿಂಜಬೇಕು. ಹಿಂಜಿದಾಗ ಏಳುವ ಧೂಳು ನೇರ ಎದೆಗೆ. ಅಕ್ಕ ನಲವತ್ತು ವರ್ಷ ಅದನ್ನು ಕುಡಿದಳು. ಮೊದಲು ಮುಂಜಾನೆ ಕೆಮ್ಮುತ್ತಿದ್ದಳು, ಆಮೇಲೆ ದಿನವಿಡೀ. ರಾಣೆಬೆನ್ನೂರಿನ ಡಾಕ್ಟರು ಎದೆಯ ಫೋಟೋ ತೆಗೆಸಿ ಬೆಳಕಿಗೆ ಹಿಡಿದು, "ಉಣ್ಣಿ ಧೂಳು ಬಿಟ್ರ ಹತ್ತು ವರ್ಷ ಅರಾಮ ಇರ್ತೀರಿ, ಬಿಡಲಿಲ್ಲಂದ್ರ ನನ್ನ ಕೇಳಬ್ಯಾಡ್ರಿ" ಅಂದರು. ಬಿಟ್ಟರೆ ಮಗ್ಗ ನಿಲ್ಲುತ್ತದೆ. ಮನೆಯಲ್ಲಿ ಬೇರೆ ಹೆಣ್ಣುಮಕ್ಕಳಿಲ್ಲ. ಇರುವ ಒಂದೇ ದಾರಿ ಉಣ್ಣೆ ಹಿಂಜುವ ಯಂತ್ರ. ಮೇಲೆ ಮುಚ್ಚಿದ ಡಬ್ಬಿ, ಧೂಳು ಒಳಗೇ ಉಳಿಯುತ್ತದೆ. ಆ ಯಂತ್ರ ಕೊಡುವ ಕೇಂದ್ರದ ಯೋಜನೆ ಒಂದಿದೆ, ನೇಕಾರರು ಸಂಘ ಕಟ್ಟಿಕೊಂಡು ಬರಬೇಕು ಎಂದು ಯಾರೋ ಹೇಳಿದರು. ಮಾವ ಕುಣಿಯಿಂದ ಎದ್ದು ಹನ್ನೊಂದು ಮನೆ ತಿರುಗಿ ಸಂಘ ಕಟ್ಟಿದ. ಸಹಿ ಹಾಕುವುದನ್ನು ನಾನೇ ಕಲಿಸಿದೆ.

ಅರ್ಜಿ ಹೋದದ್ದು ಒಂದು ಏಪ್ರಿಲ್ಲಿನಲ್ಲಿ. ಮಂಜೂರಾತಿ ಬಂದದ್ದು ಮುಂದಿನ ಮಾರ್ಚ್ ಇಪ್ಪತ್ತಾರಕ್ಕೆ. ಹಾವೇರಿಯ ಆಫೀಸಿನ ಕಿರಣಕುಮಾರ ಎಂಬ ಸಾಹೇಬ ಫೋನು ಮಾಡಿ, "ಅಂಜಿನಪ್ಪನವರ, ಶುಭ ಸುದ್ದಿ. ಮೂವತ್ತೊಂದನೇ ತಾರೀಖಿನೊಳಗ ಯಂತ್ರ ಬಂದು ಬಿಲ್ ಆಗಬೇಕು" ಅಂದ.

ಉಣ್ಣೆಯ ಯಂತ್ರ ಅಂಗಡಿಯ ಮುಂದೆ ಜೋತುಹಾಕಿರುವ ಬಾಳೆಗೊನೆಯಲ್ಲ. ಪಂಜಾಬಿನ ಕಡೆ ಮಾಡುತ್ತಾರೆ, ಆರ್ಡರು ಕೊಟ್ಟ ಮೇಲೆ ಮೂರು ತಿಂಗಳು. ಅದನ್ನು ಹೇಳಿದರೆ ಕಿರಣಕುಮಾರ, "ಅದು ನನಗೂ ಗೊತ್ತೈತ್ರಿ, ಆದ್ರ ಬಜೆಟ್ ಮುಗೀತದ" ಅಂದ. ಮುಗಿಯಿತು. ಏಪ್ರಿಲ್ ಒಂದಕ್ಕೆ ಹಣ ಬಂದ ದಾರಿಯಲ್ಲೇ ವಾಪಸು ಹೋಯಿತು. ಹೊಸ ವರ್ಷ, ಹೊಸ ಬಜೆಟ್ಟು, ಹೊಸ ಅರ್ಜಿ. ಹಳೆಯ ಅರ್ಜಿಗೆ ಹಚ್ಚಿದ ಫೋಟೋ ಕೂಡ ನಡೆಯುವುದಿಲ್ಲವಂತೆ. ಒಂದು ವರ್ಷದಲ್ಲಿ ಮಾವನ ಮುಖವೇನು ಬದಲಾಗಿತ್ತೋ ದೇವರೇ ಬಲ್ಲ.

ಆ ಕಿರಣಕುಮಾರ ಲಂಚ ತಿನ್ನುವವನಾಗಿದ್ದರೆ ಬೇಕಾಗಿತ್ತು, ತಿನ್ನಿಸಿ ಕೆಲಸ ಮಾಡಿಸಬಹುದಿತ್ತು. ಅವನು ಪ್ರಾಮಾಣಿಕ. ಒಂದು ಕಪ್ ಚಹಾ ಕೂಡ ಮುಟ್ಟುವುದಿಲ್ಲ. ಪ್ರಾಮಾಣಿಕ ಮೂರ್ಖನ ಕೈಗೆ ಗಡುವು ಕೊಟ್ಟರೆ ಏನಾಗುತ್ತದೆ ಎಂಬುದು ಎರಡನೆಯ ಮಾರ್ಚಿನಲ್ಲಿ ತಿಳಿಯಿತು. ಈ ಸಲ ಮಂಜೂರಾತಿ ಇಪ್ಪತ್ತೇಳಕ್ಕೆ ಬಂತು. ಈ ಸಲ ಹಣ ವಾಪಸು ಹೋಗಬಾರದು ಎಂದು ಅವನು ಹಟ ತೊಟ್ಟ. ಹುಬ್ಬಳ್ಳಿಯಲ್ಲಿ ವಿಚಾರಿಸಿದ, ಹಿಂಜುವ ಯಂತ್ರ ಇದೆಯಾ ಎಂದ, ಇದೆ ಅಂದರು, ಬಿಲ್ ಮಾಡಿಸಿದ. ನಾನೇ ಟೆಂಪೋದಲ್ಲಿ ತಂದೆ. ಸಂಘದವರು ಹಾವೇರಿಯಿಂದ ಏಲಕ್ಕಿ ಹಾರ ತರಿಸಿ ಸಾಹೇಬನ ಕೊರಳಿಗೆ ಹಾಕಿದರು. ಅಕ್ಕ ಯಂತ್ರಕ್ಕೆ ಕುಂಕುಮ ಹಚ್ಚಿದಳು. ಮಾವ ಒಂದು ಹಿಡಿ ಉಣ್ಣೆ ಹಾಕಿ ಬಟನ್ ಒತ್ತಿದ.

ಉಣ್ಣೆ ಉರುಳೆಗೆ ಸುತ್ತಿಕೊಂಡು, ಮುರಿದ ಕೈಗೆ ಪಟ್ಟಿ ಕಟ್ಟಿದ ಹಾಗೆ ಬಿಗಿದುಕೊಂಡು, ಯಂತ್ರ ಹೊಗೆ ಬಿಟ್ಟು ನಿಂತಿತು. ಅದು ಗಾದಿ ಮಾಡುವವರು ಹತ್ತಿ ಹಿಂಜುವ ಯಂತ್ರ.

"ಹಿಂಜೂದು ಅಂದ್ರ ಹಿಂಜೂದಽ ಅಲ್ಲೇನ್ರಿ?" ಅಂದ ಕಿರಣಕುಮಾರ, ಏಲಕ್ಕಿ ಹಾರದೊಳಗಿಂದ.

ಮಾವ ಉರುಳೆಗೆ ಸುತ್ತಿದ ಉಣ್ಣೆಯನ್ನು ಚಾಕುವಿನಿಂದ ಬಿಡಿಸುತ್ತ ಕೂತ. ಅಕ್ಕ ಒಳಗೆ ಹೋಗಿ ಬಿಲ್ಲು ತೆಗೆದುಕೊಂಡಳು. ಅವಳ ಕೆಮ್ಮು ಹೊರಗೆ ಕೇಳುತ್ತಿತ್ತು, ಸಾಹೇಬನೂ ಕೇಳಿಸಿಕೊಂಡ. ಆಮೇಲೆ ಆ ಯಂತ್ರದ ಮೇಲೆ ಕೋಳಿ ಮೊಟ್ಟೆ ಇಟ್ಟಿತು. ಕೇಂದ್ರ ಸರಕಾರದ ಯೋಜನೆಯಿಂದ ಮೇಡ್ಲೇರಿಗೆ ಆದ ಉತ್ಪಾದನೆ ಅಷ್ಟೇ.

ಮಾವ ಇದನ್ನೇ ತಿಂಗಳುಗಟ್ಟಲೆ ಯೋಚನೆ ಮಾಡಿದ. ಕಿರಣಕುಮಾರನನ್ನೇ ಕೂರಿಸಿ ಕೇಳಿದ, ಈ ಹಣ ಎಲ್ಲಿ ಹುಟ್ಟುತ್ತದೆ, ಎಲ್ಲೆಲ್ಲಿ ನಿಲ್ಲುತ್ತದೆ ಅಂತ. ಅವನೂ ಹೇಳಿದ. ಫೆಬ್ರುವರಿ ಒಂದಕ್ಕೆ ದಿಲ್ಲಿಯಲ್ಲಿ ಓದುತ್ತಾರೆ, ನಿಯಮ ಬರುವಷ್ಟರಲ್ಲಿ ಶ್ರಾವಣ, ಬೆಂಗಳೂರಿಗೆ ಬರುವಷ್ಟರಲ್ಲಿ ದೀಪಾವಳಿ, ಹಾವೇರಿಗೆ ಬರುವಷ್ಟರಲ್ಲಿ ಮಾರ್ಚು. ಇಲ್ಲಿ ಹಣ ಬಂದಾಗ ಅಲ್ಲಿ ಮುಂದಿನ ಬಜೆಟ್ಟು ಓದಿ ಆಗಿರುತ್ತದೆ. ದಿಲ್ಲಿಯ ಆಫೀಸಿನವರದು ಆರು ತಿಂಗಳು ಬಜೆಟ್ ತಯಾರಿ, ಆರು ತಿಂಗಳು ಅದರ ಚಾಕರಿ.

"ಅಂದ್ರ ಇವರು ವರ್ಷಾ ಹಾಸು ಹೂಡ್ತಾರ, ನೇಯೂದು ಯಾವಾಗ?" ಅಂದ ಮಾವ. ಆ ಮಾತು ಅಲ್ಲಿ ಹುಟ್ಟಿತು.

ಮನೆಯಲ್ಲಿ ಅಕ್ಕನೇ ಮೊದಲು ವಿರೋಧ ಮಾಡಿದಳು. "ಒಂದು ವರ್ಷದಾಗ ಕೊಡಲಾರದವರು ಎರಡು ವರ್ಷದಾಗ ಕೊಡ್ತಾರೇನು? ಇನ್ನಷ್ಟು ನಿದ್ದಿ ಮಾಡ್ತಾರ."

"ಹಂಗಲ್ಲ ಉಚ್ಚಂಗಿ. ಎರಡು ವರ್ಷಕ್ಕ ಒಮ್ಮೆ ಹೂಡ್ಲಿ. ಮಾರ್ಚಿಗೆ ರೊಕ್ಕ ಸಾಯಬಾರದು. ಮೊದಲನೇ ವರ್ಷ ನೇಯ್ಲಿ. ಎರಡನೇ ವರ್ಷ ಕಂಬಳಿ ಬಿಚ್ಚಿ ಬೆಳಕಿಗೆ ಹಿಡದು ಎಲ್ಲಿ ತೂತು ಬಿದ್ದೈತಿ ನೋಡ್ಲಿ. ಈಗ ಅವರಿಗೆ ನೋಡಾಕ ಪುರಸತ್ತು ಎಲ್ಲಿ ಐತಿ?"

"ನಿಮ್ಮ ಮಾತು ಕೇಳಿ ದಿಲ್ಲ್ಯಾಗ ಮಗ್ಗ ಹಾಕ್ತಾರ, ತಡೀರಿ" ಅಂದಳು ಅಕ್ಕ, ಕೆಮ್ಮಿದಳು, ನಕ್ಕಳು. ಅವಳ ನಗುವಿಗೆ ಹಕ್ಕಿತ್ತು.

ಖರೇ ಹೇಳಬೇಕಂದರೆ ನನಗೂ ಮೊದಲು ಮಾವನ ತಲೆ ಕೆಟ್ಟಿತು ಅನಿಸಿತ್ತು. ಆಮೇಲೆ ಮೆಣಸಿನಕಾಯಿ ಹೇರಿಕೊಂಡು ಬ್ಯಾಡಗಿಗೆ ಹೋಗುವಾಗ ರಸ್ತೆ ನೋಡಿದೆ. ಮಾರ್ಚಿನಲ್ಲಿ ಹಾಕಿದ ಡಾಂಬರು, ಜೂನಿನಲ್ಲಿ ಎದ್ದದ್ದು, ಮತ್ತೆ ಮಾರ್ಚಿನಲ್ಲಿ ಹಾಕಿದ್ದು. ನನ್ನ ಟೆಂಪೋದ ಸ್ಪ್ರಿಂಗ್ ಪಾಟಾ ಮುರಿದದ್ದಕ್ಕೆ ಕಾರಣ ಸಿಕ್ಕಿತು.

ಆ ಡಿಸೆಂಬರಿನಲ್ಲಿ ಹಾವೇರಿಯಲ್ಲಿ ಒಂದು ಸಭೆ. ಬಜೆಟ್ಟಿಗೆ ಮೊದಲು ಜನರ ಅಭಿಪ್ರಾಯ ಕೇಳುತ್ತಾರಂತೆ, ದಿಲ್ಲಿಯಿಂದ ಒಬ್ಬರು ಬರುತ್ತಾರಂತೆ. ಸಂಘದ ಅಧ್ಯಕ್ಷ ಎಂದು ಮಾವನಿಗೂ ಪತ್ರ ಬಂತು. ಮಡಿ ಧೋತರ ಉಟ್ಟು, ಹೆಗಲಿಗೆ ಎರಡು ಕತ್ತರಿಯ ಕಂಬಳಿ ಹಾಕಿಕೊಂಡು ನನ್ನ ಪಕ್ಕ ಕೂತು ಬಂದ.

ಎಲ್ಲರಿಗೂ ಎರಡೆರಡು ನಿಮಿಷ. ಒಬ್ಬ ತೆರಿಗೆ ಇಳಿಸಿ ಅಂದ, ಇನ್ನೊಬ್ಬ ರೈಲು ನಿಲ್ಲಿಸಿ ಅಂದ, ಮತ್ತೊಬ್ಬ ದಿಲ್ಲಿಯವರನ್ನು ಹೊಗಳುವುದರಲ್ಲೇ ಎರಡು ನಿಮಿಷ ಮುಗಿಸಿದ. ಮಾವ ಎದ್ದು, ಯಂತ್ರದ ಕಥೆ ಹೇಳಿ, ಎರಡು ಕತ್ತರಿಯ ಕಟ್ಟು ಹೇಳಿ, ಬಜೆಟ್ಟೂ ಎರಡು ವರ್ಷಕ್ಕೊಮ್ಮೆ ಸಾಕು ಅಂದ. ಹಿಂದಿನಿಂದ ಬ್ಯಾಡಗಿಯ ದಲಾಲನೊಬ್ಬ ಕೂಗಿದ.

"ಅಜ್ಜಾ, ಮನ್ಯಾಗ ಊಟಾನೂ ಎರಡು ವರ್ಷಕ್ಕೊಮ್ಮೆ ಮಾಡ್ತೀಯೇನು?"

ಆಗಲೇ ಆ ನಗೆಗಡಲು ಎದ್ದದ್ದು. ಮಾವ ಅದು ಇಳಿಯುವವರೆಗೆ ನಿಂತ, ಲಾಳಿ ಇನ್ನೊಂದು ಕೈಗೆ ಬರಲಿ ಎಂದು ನಿಲ್ಲುವ ಹಾಗೆ.

"ಊಟ ದಿನಾ ಮಾಡ್ತೀನಪ್ಪ. ಹೊಲ ದಿನಾ ಬಿತ್ತೂದಿಲ್ಲ."

ಇದಕ್ಕೆ ಯಾರೂ ನಗಲಿಲ್ಲ, ಪೇಪರಿನವನು ಬರೆದುಕೊಳ್ಳಲೂ ಇಲ್ಲ. ಸುಶ್ಮಿತಾ ಎಂಬ ಹುಡುಗಿ ಪಕ್ಕದಲ್ಲಿ ನಿಂತು ದಿಲ್ಲಿಯವನಿಗೆ ಇಂಗ್ಲಿಷಿನಲ್ಲಿ ತಿಳಿಸುತ್ತಿದ್ದಳು. ಮಾವ ಅಷ್ಟು ಹೊತ್ತು ಹೇಳಿದ್ದು ಅವಳ ಬಾಯಲ್ಲಿ ಒಂದೇ ಉಸಿರಿಗೆ ಮುಗಿಯಿತು. ಅದರಲ್ಲಿ ಶೀಪ್ ಎಂಬುದೊಂದು ನನಗೆ ತಿಳಿಯಿತು. ಅವನಿಗೂ ಅಷ್ಟೇ ತಿಳಿದಿರಬೇಕು, ಆದರೂ ಪಾಪ ಒಂದು ಪ್ರಶ್ನೆ ಕೇಳಿದ. ಎರಡು ವರ್ಷದಲ್ಲಿ ನೆರೆ ಬಂದರೆ, ಯುದ್ಧ ಆದರೆ, ಧಾರಣೆ ಏರಿದರೆ?

"ನಡುವ ಹಾಸು ಹರೀತದ ಸಾಹೇಬ್ರ. ಹರದಲ್ಲಿ ಗಂಟು ಹಾಕ್ತೀವಿ. ಅದಕ್ಕಂತ ಮಗ್ಗ ಕೀಳೂದಿಲ್ಲ" ಅಂದ ಮಾವ.

ಸುಶ್ಮಿತಾ ಅದನ್ನು ಇಂಗ್ಲಿಷಿಗೆ ತಿರುಗಿಸುವಷ್ಟರಲ್ಲಿ ಮುಂದಿನವನ ಹೆಸರು ಕೂಗಿದರು. ಮಾವನ ಕೈಗೆ ಒಂದು ಪ್ರಮಾಣಪತ್ರ, ಒಂದು ಬಿಸ್ಕೀಟಿನ ಪುಡಿಕೆ. ಬರುವಾಗ ದಾರಿಯುದ್ದಕ್ಕೂ ನಾನು ಆ ದಲಾಲನ ಏಳು ತಲೆಮಾರು ಬೈದೆ. ಮಾವ ಬಿಸ್ಕೀಟು ತಿಂದ. ಅಕ್ಕನಿಗೆ ಎರಡು ಉಳಿಸಿದ.

ಮೂರನೆಯ ಮಾರ್ಚು ಬಂತು. ಮೂವತ್ತೊಂದನೇ ತಾರೀಖು ಮಧ್ಯಾಹ್ನ ಕಿರಣಕುಮಾರ ಬೆವರು ಒರೆಸಿಕೊಳ್ಳುತ್ತ ಜೀಪಿನಿಂದ ಇಳಿದ. ಕೈಯಲ್ಲಿ ಒಂದು ಕಾಗದ. ಕೊಟ್ಟ ಯಂತ್ರ ಸುಸ್ಥಿತಿಯಲ್ಲಿದ್ದು ಸದ್ಬಳಕೆಯಾಗುತ್ತಿದೆ ಎಂದು ಅಧ್ಯಕ್ಷರು ಸಹಿ ಹಾಕಬೇಕು, ಜೊತೆಗೆ ಫಲಾನುಭವಿ ಮಹಿಳೆ ಯಂತ್ರಕ್ಕೆ ಉಣ್ಣೆ ಹಾಕುತ್ತಿರುವ ಫೋಟೋ ಬೇಕು.

"ಇವತ್ತು ಇದನ್ನ ಕೊಡ್ರಿ, ಬರೂ ವರ್ಷ ಉಣ್ಣಿ ಯಂತ್ರ ಹಾಕಿಸ್ತೀನಿ. ಕೊಡಲಿಲ್ಲಂದ್ರ ಸಂಘದ ಹೆಸರು ಪಟ್ಟಿಯಿಂದ ಹೋಗ್ತದ."

ಅಕ್ಕ ಎದ್ದಳು. ಸೆರಗು ಸರಿಮಾಡಿಕೊಂಡು, ಕೋಳಿಯನ್ನು ಓಡಿಸಿ, ಯಂತ್ರದ ಪಕ್ಕ ನಿಂತಳು. "ತಗೀರಿ ಫೋಟೋ."

"ಉಚ್ಚಂಗಿ, ಈ ಕಡೆ ಬಾ" ಅಂದ ಮಾವ.

"ಯಾಕ ಬರ್ಲಿ? ಸುಳ್ಳು ಹೇಳಿದ್ರ ಯಂತ್ರ ಬರ್ತದಂದ್ರ ಹೇಳ್ರಿ. ನನ್ನ ಎದಿಗೆ ನಿಮ್ಮ ಖರೇತನ ಔಷಧ ಆಗ್ತದೇನು?"

ಮಾವ ಪೆನ್ನು ಕೈಗೆ ತೆಗೆದುಕೊಂಡ. ಸಹಿ ಹಾಕಲಿಲ್ಲ. ಕಾಗದವನ್ನು ಎರಡು ಸಲ ಓದಿಸಿ ಕೇಳಿದ. ಆಮೇಲೆ ಮೆಲ್ಲಗೆ ಅಂದ, "ಇದು ನಡೀತದ ಅಂತ ನಾನಽ ಬರದು ಕೊಟ್ರ, ನಡಿಯೂದು ಇನ್ನೊಂದು ಯಾಕ ಕೊಡ್ತಾರ? ನೀನಽ ಹೇಳು."

ಅಕ್ಕ ಕಾಗದದ ಕಡೆ ನೋಡಿದಳು. ಕಿರಣಕುಮಾರ ಗಡಿಯಾರ ನೋಡುತ್ತಿದ್ದ. ಅಕ್ಕ ಯಂತ್ರದ ಪಕ್ಕದಿಂದ ಸರಿದು ಗೋಡೆ ಹಿಡಿದು ಕೂತಳು.

"ಸಹಿ ಹಾಕಲಿಕ್ಕೆ ಏನ್ರೀ ಕಷ್ಟ? ಎಲ್ಲಾರೂ ಹಾಕ್ಯಾರ. ಸಂಜಿಯೊಳಗ ಯಂತ್ರದ್ದು ಒಂದು ದಾಖಲೆ ಬರಲಿಲ್ಲಂದ್ರ ನನ್ನ ನೌಕರಿ ಕೇಳ್ತಾರ" ಅಂದ ಕಿರಣಕುಮಾರ.

ನನಗೆ ಸಿಟ್ಟು ನೆತ್ತಿಗೇರಿತು. ಅಕ್ಕನ ಎದೆ ಹೋಗುತ್ತಿದೆ, ಇವನಿಗೆ ದಾಖಲೆ ಬೇಕು. "ದಾಖಲಿ ಬೇಕಲ್ಲ? ತಡಿ, ಯಂತ್ರನಽ ಕೊಡ್ತೀನಿ" ಅಂದೆ. ಅಂದು ಸುಮ್ಮನಿರಲಿಲ್ಲ. ಓಣಿಯ ನಾಲ್ಕು ಮಂದಿ ಸೇರಿ ಆ ಕಬ್ಬಿಣದ ದೆವ್ವವನ್ನು ಎತ್ತಿ ಟೆಂಪೋಕ್ಕೆ ಹಾಕಿದೆವು. ಮಾವ ಬೇಡ ಅನ್ನಲಿಲ್ಲ, ಕಂಬಳಿ ಹೆಗಲಿಗೆ ಹಾಕಿಕೊಂಡು ಪಕ್ಕದಲ್ಲಿ ಹತ್ತಿ ಕೂತ. ಜೀಪು ಹಿಂದೆ ಬಂತು.

ಹಾವೇರಿಯ ಆ ಆಫೀಸನ್ನು ಮಾರ್ಚ್ ಮೂವತ್ತೊಂದರ ಸಂಜೆ ನೋಡಬೇಕು. ಹನ್ನೊಂದು ತಿಂಗಳು ನೊಣ ಹೊಡೆದವರು ಅವತ್ತು ಒಬ್ಬರ ಮೇಲೊಬ್ಬರು ಬಿದ್ದು ಓಡುತ್ತಿರುತ್ತಾರೆ. ಯಂತ್ರವನ್ನು ಅವರ ಬಾಗಿಲಿಗೇ ಇಳಿಸಿದೆ. ಮುಂಜಾನೆಯಷ್ಟೇ ಬ್ಯಾಡಗಿಗೆ ಮೆಣಸಿನಕಾಯಿ ಚೀಲ ಹಾಕಿ ಬಂದ ಟೆಂಪೋ ಅದು, ಘಾಟು ಯಂತ್ರಕ್ಕೆಲ್ಲ ಹಿಡಿದಿತ್ತು. ಜವಾನನಿಂದ ಹಿಡಿದು ದೊಡ್ಡ ಸಾಹೇಬನವರೆಗೆ ಎಲ್ಲರೂ ಸೀನತೊಡಗಿದರು. ಸೀನುತ್ತಲೇ ಆಫೀಸಿನ ಒಬ್ಬ ಹೆಣ್ಣುಮಗಳು, ಅದನ್ನು ಬಾಗಿಲಿಂದ ತೆಗೆಸಿದರೆ ಸಾಕಾಗಿ, ಯಂತ್ರ ಹಿಂಪಡೆಯಲಾಗಿದೆ ಎಂದು ಬರೆದು ಸಿಕ್ಕೆ ಒತ್ತಿ ಕೊಟ್ಟಳು. ಕಿರಣಕುಮಾರನಿಗೂ ತನ್ನ ದಾಖಲೆ ಸಿಕ್ಕಿತು. ಮೂರು ವರ್ಷದಲ್ಲಿ ಆ ಆಫೀಸಿನಿಂದ ನಮಗೆ ತಕ್ಷಣ ಸಿಕ್ಕ ಕಾಗದ ಅದೊಂದೇ.

ದಾರಿಯಲ್ಲಿ ಮಾವ ಅದನ್ನು ನನ್ನಿಂದ ಓದಿಸಿದ. "ಅಂದ್ರ ನಮ್ಮ ಕಡೆ ಯಂತ್ರ ಇಲ್ಲ ಅಂತ ಅವರಽ ಬರದು ಕೊಟ್ಟಾರ."

"ಹೌದ್ರಿ ಮಾವ."

"ಹಂಗಾದ್ರ ಮತ್ತ ಅರ್ಜಿ ಹಾಕಾಕ ಬರ್ತದ."

ನನ್ನ ಸಿಟ್ಟಿನಿಂದ ಆದ ಉಪಕಾರ ಅಷ್ಟು. ಏಪ್ರಿಲ್ಲಿನಲ್ಲಿ ಹೊಸ ಅರ್ಜಿ, ಹೊಸ ಫೋಟೋ.

ಅರ್ಜಿ ಕೊಟ್ಟು ಬಂದ ಮರುದಿನ ಮಾವ ಮಗ್ಗಕ್ಕೆ ಇಳಿಯಲಿಲ್ಲ. ಅಕ್ಕನ ಕೈಯಿಂದ ಬಿಲ್ಲು ಕಿತ್ತುಕೊಂಡು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಹಿಂದಿನ ಪಡಸಾಲೆಯಲ್ಲಿ ಉಣ್ಣೆ ಹಿಂಜಲು ಕೂತ. ನಮ್ಮಲ್ಲಿ ಗಂಡಸರು ಆ ಕೆಲಸಕ್ಕೆ ಕೈ ಹಾಕುವುದಿಲ್ಲ. ಊರಿನವರು ಇಣುಕಿ ನೋಡಿ ನಕ್ಕರು. ಹಾವೇರಿಯಲ್ಲಿ ನಗಿಸಿಕೊಂಡು ಬಂದವನಿಗೆ ಮೇಡ್ಲೇರಿಯ ನಗು ಯಾವ ಲೆಕ್ಕ. ದಿನದ ಅರ್ಧ ಹಿಂಜುತ್ತಾನೆ, ಉಳಿದರ್ಧ ನೇಯುತ್ತಾನೆ. ಮೊದಲು ಎರಡು ಕಂಬಳಿ ಇಳಿಯುತ್ತಿದ್ದಲ್ಲಿ ಈಗ ಒಂದು. ಕುಣಿಯಲ್ಲಿ ಅಕ್ಕ ಹುಣಸೆ ಬೀಜದ ಬುಟ್ಟಿ ಇಡುತ್ತಾಳೆ, ಅವನು ಬಂದಾಗ ತೆಗೆಯುತ್ತಾಳೆ.

ಈ ಫೆಬ್ರುವರಿ ಒಂದಕ್ಕೆ ನಾನು ಅಲ್ಲೇ ಇದ್ದೆ. ಅಕ್ಕ ಅಂಗಳದಲ್ಲಿ, ಧೂಳು ಬಾರದಷ್ಟು ದೂರ ಕೂತು, ಗಂಡನಿಗೆ ಪಾಠ ಹೇಳುತ್ತಿದ್ದಳು. "ಕೈ ಸಡ್ಲ ಬಿಡ್ರಿ. ಹುರಿ ಮಿಡೀಬೇಕು, ಜಗ್ಗಬಾರದು. ಅದೇನು ಕುರಿ ಕೊಲ್ಲಾಕತ್ತೀರೇನು?" ಒಂದು ತಾಸಿನಲ್ಲಿ ಅವಳು ಒಂದೇ ಸಲ ಕೆಮ್ಮಿದ್ದು. ನಾನು ಎಣಿಸಿದೆ.

ಆಗ ಕಿರಣಕುಮಾರನ ಫೋನು ನನಗೆ ಬಂತು. ಅರ್ಜಿ ಬೆಂಗಳೂರು ದಾಟಿದೆಯಂತೆ, ಮಾರ್ಚ್ ಇಪ್ಪತ್ತೈದರ ಸುಮಾರಿಗೆ ಶುಭ ಸುದ್ದಿ ಕೊಡುತ್ತಾನಂತೆ. ನಾನು ಫೋನು ಇಟ್ಟೆ. ಪಕ್ಕದ ಮನೆಯ ಟೀವಿಯಲ್ಲಿ ದಿಲ್ಲಿಯವರು ಹೊಸ ಬಜೆಟ್ಟು ಓದುತ್ತಿದ್ದರು, ನಡುನಡುವೆ ಮೇಜು ಬಡಿಯುವ ಸದ್ದು.

"ಬಜೆಟ್ ಓದಾಕತ್ತಾರ ಮಾವ. ಕೇಳ್ತೀರೇನು?" ಅಂದೆ.

ಅವನು ಆ ಹಿಡಿ ಉಣ್ಣೆ ಪೂರ್ತಿ ಹಿಂಜಿದ. ಬಟ್ಟೆ ಸರಿಸಿ, ತಲೆ ಎತ್ತಿದ.

"ಏನ್ ಅಂದಿ?"

ಅಷ್ಟರಲ್ಲಿ ಅವರು ಓದಿ ಮುಗಿಸಿದ್ದರು.